ಒಂದೇ ಫಾರಂ ಬಲ್ಲವನ ಪಾಡು

ದೇವರು ಕೆಲವರಿಗೆ ಕಂಠ ಕೊಡುತ್ತಾನೆ, ಕೆಲವರಿಗೆ ಕೈರುಚಿ ಕೊಡುತ್ತಾನೆ, ಇನ್ನು ಕೆಲವರಿಗೆ ಬೇರೇನೂ ಕೊಡದೆ ಒಳ್ಳೆಯ ಮೈಕಟ್ಟು ಕೊಟ್ಟು ಕಳಿಸುತ್ತಾನೆ. ನನ್ನ ಸರದಿ ಬರುವ ಹೊತ್ತಿಗೆ ಅವನ ಚೀಲದಲ್ಲಿ ಫಾರಂ ತುಂಬುವ ಬುದ್ಧಿಯೊಂದೇ ಉಳಿದಿತ್ತೆಂದು ಕಾಣುತ್ತದೆ; ಅದನ್ನೇ ಕೊಟ್ಟ. ಖಾಲಿ ಚೌಕ ಕಂಡರೆ ನನಗೆ ತುಂಬದೆ ಇರಲಾಗುವುದಿಲ್ಲ. ನೆಂಟರ ಮದುವೆಗೆ ಹೋದಾಗ ಉಳಿದವರು ಊಟದ ಪಂಕ್ತಿ ಹುಡುಕಿದರೆ ನಾನು ಮುಯ್ಯಿ ಬರೆಯುವ ಮೇಜು ಹುಡುಕುತ್ತೇನೆ. ಬ್ಯಾಂಕಿನಲ್ಲಿ ಯಾರಾದರೂ ಚಲನ್ ಹಿಡಿದು ಅತ್ತಿತ್ತ ನೋಡುತ್ತಿದ್ದರೆ ನನ್ನ ಕೈ ತಾನಾಗಿಯೇ ಜೇಬಿನ ಪೆನ್ನಿಗೆ ಹೋಗುತ್ತದೆ. ಇಂಥ ಗುಣವನ್ನು ಊರು ಬೇಗ ಗುರುತಿಸುತ್ತದೆ. ಗುರುತಿಸಿದ ಮೇಲೆ ಸುಮ್ಮನೆ ಬಿಡುವುದಿಲ್ಲ.

ಶಿವಮೊಗ್ಗದ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ನಾನು ಸೂಪರಿಂಟೆಂಡೆಂಟ್. ಆದರೆ ಆದಾಯ ತೆರಿಗೆಯ ರಿಟರ್ನ್ಸ್ ಸಲ್ಲಿಸುವ ಜುಲೈ ಬಂತೆಂದರೆ ನನ್ನ ಹುದ್ದೆ ಬದಲಾಗುತ್ತದೆ. ಎಲ್ಲರ ಬಾಯಲ್ಲೂ ನಾನು 'ಟ್ಯಾಕ್ಸ್ ಸಾರ್'. ಅಧ್ಯಾಪಕರು ಸಂಬಳದ ಕಾಗದಗಳನ್ನು ಎದೆಗವಚಿಕೊಂಡು ನನ್ನ ಮೇಜಿನ ಮುಂದೆ ನಿಲ್ಲುತ್ತಾರೆ. ತರಗತಿಯಲ್ಲಿ ಸಿಂಹದಂತೆ ಗರ್ಜಿಸುವವರು ಇಲ್ಲಿ "ಸಾರ್, ನನ್ನದೇನೂ ತಪ್ಪಾಗಿಲ್ಲ ಅಲ್ವಾ?" ಎಂದು ಹಲ್ಲು ನೋವಿನವರಂತೆ ಕೇಳುತ್ತಾರೆ. ಒಮ್ಮೆ ಸಸ್ಯಶಾಸ್ತ್ರದ ಮೇಡಂ ತಮ್ಮ ನಾಯಿಯ ಇಂಜೆಕ್ಷನ್ ಬಿಲ್ಲು ತಂದು ವೈದ್ಯಕೀಯ ಖರ್ಚಿಗೆ ಸೇರಿಸಿ ಎಂದರು. "ಮೇಡಂ, ಸರ್ಕಾರ ನಾಯಿಯನ್ನ ಮನೆ ಸದಸ್ಯ ಅಂತ ಒಪ್ಪಲ್ಲ" ಎಂದೆ. "ನಮ್ಮ ಮನೆಯವರನ್ನ ಒಪ್ಪುತ್ತಲ್ಲ ಸಾರ್, ಅವರಿಗಿಂತ ಇದು ಎಷ್ಟೋ ವಾಸಿ" ಎಂದು ಬಿಲ್ಲು ಮಡಚಿಕೊಂಡು ಹೋದರು.

ಈ ಕೀರ್ತಿಯ ಒಳಗುಟ್ಟು ನನಗೊಬ್ಬನಿಗೇ ಗೊತ್ತಿತ್ತು. ರಿಟರ್ನ್ಸಿಗೆಂದು ಇರುವ ಫಾರಂಗಳಲ್ಲಿ ನಾನು ಬಲ್ಲದ್ದು ಒಂದನೇ ಫಾರಂ ಮಾತ್ರ. ಸಂಬಳ, ವಾಸಕ್ಕೊಂದು ಮನೆ, ಬ್ಯಾಂಕಿನ ಬಡ್ಡಿ, ಇಷ್ಟರಲ್ಲಿ ಮುಗಿಯುವ ಬದುಕಿಗೆ ಆ ಫಾರಂ ಸಾಕು. ಸರ್ಕಾರವೇ ಅದಕ್ಕೆ 'ಸಹಜ್' ಎಂದು ಹೆಸರಿಟ್ಟಿದೆ. ನಮ್ಮ ಕಾಲೇಜಿನಲ್ಲಿ ಎಲ್ಲರ ಬದುಕೂ ಅಷ್ಟರಲ್ಲೇ ಮುಗಿಯುತ್ತಿದ್ದುದು ನನ್ನ ಅದೃಷ್ಟ. ಎರಡು, ಮೂರು, ನಾಲ್ಕನೇ ಫಾರಂಗಳು ನನ್ನ ಪಾಲಿಗೆ ಸಾಗರದ ದಾರಿಯಲ್ಲಿ ಕಾಣುವ ಅಡ್ಡರಸ್ತೆಗಳಿದ್ದ ಹಾಗೆ. ಬಸ್ಸಿನಿಂದ ಬೋರ್ಡು ಓದಿದ್ದೆ, ಇಳಿದು ಒಳಗೆ ಹೋಗಿರಲಿಲ್ಲ.

ಹೋಗುವ ಪ್ರಸಂಗ ತಂದಿಟ್ಟವಳು ನನ್ನ ಹೆಂಡತಿ ಗಿರಿಜಾ. ಅವಳು ಹುಟ್ಟಿ ಬೆಳೆದದ್ದು ಭದ್ರಾವತಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ. ಪಕ್ಕದ ಮನೆಯ ತಮಿಳು ಹುಡುಗಿ ಸೆಲ್ವಿ ಅವಳ ಜೀವದ ಗೆಳತಿ. ಇಬ್ಬರ ಅಪ್ಪಂದಿರೂ ಒಂದೇ ಪಾಳಿಗೆ ಹೋಗುತ್ತಿದ್ದರು; ಇವರಿಬ್ಬರೂ ಒಂದೇ ಜಗಲಿಯಲ್ಲಿ ಕೂತು ದಾರ, ಮಣಿ, ಸೂಜಿ ಹಿಡಿದು ಬೆಳೆದರು. ಮದುವೆಯಾಗಿ ದುರ್ಗಿಗುಡಿಯ ನಮ್ಮ ಮನೆಗೆ ಬಂದ ಮೇಲೂ ಗಿರಿಜಾಳ ಕೈ ಸುಮ್ಮನಿರಲಿಲ್ಲ. ಸೀರೆಯ ಸೆರಗಿನ ಎಳೆಗಳನ್ನು ಹೊಸೆದು, ಗಂಟು ಹಾಕಿ, ಮಣಿ ಪೋಣಿಸಿ ಕುಚ್ಚು ಕಟ್ಟುವುದು ಅವಳ ವಿದ್ಯೆ. ಮೊದಲು ನೆಂಟರಿಗೆ, ಆಮೇಲೆ ನೆಂಟರ ನೆಂಟರಿಗೆ, ಕೊನೆಗೆ ಒಂದು ದೊಡ್ಡ ಸೀರೆ ಅಂಗಡಿಗೆ. ಕೆಲಸ ಹೆಚ್ಚಿದಾಗ ಸೆಲ್ವಿಯ ಜಗಲಿಯಲ್ಲಿ ಇನ್ನೂ ಕೆಲವು ಹೆಂಗಸರು ಬಂದು ಕೂತರು. ಸೀರೆಗಳ ಗಂಟು ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಹೋಗಿ, ಕುಚ್ಚಿನ ಸಮೇತ ವಾಪಸು ಬರುತ್ತಿತ್ತು. ನಾನು ಇದನ್ನೆಲ್ಲ 'ಗಿರಿಜಾಳ ಹವ್ಯಾಸ' ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಹವ್ಯಾಸಕ್ಕೆ ಯಾರೂ ಬಸ್ಸಿನಲ್ಲಿ ಲಗೇಜ್ ಟಿಕೆಟ್ ತೆಗೆಸುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ.

ಹೋದ ವರ್ಷ ಸೀರೆ ಅಂಗಡಿಯವರು ಅವಳಿಗೆ ಕೊಡುವ ಹಣದಲ್ಲಿ ಸ್ವಲ್ಪ ತೆರಿಗೆ ಮುರಿದುಕೊಂಡರು. ಅದನ್ನು ವಾಪಸು ಪಡೆಯಲು ಗಿರಿಜಾ ತನ್ನ ಹೆಸರಿನಲ್ಲಿ ಮೊದಲ ಸಲ ರಿಟರ್ನ್ಸ್ ಸಲ್ಲಿಸಬೇಕಾಯಿತು. "ಊರಿಗೆಲ್ಲ ಮಾಡಿಕೊಡ್ತೀರಲ್ಲ, ನನ್ನದೂ ಒಂದು ಮಾಡಿ" ಎಂದಳು. ಇದೇನು ಮಹಾ ಎಂದು ಒಂದು ಭಾನುವಾರ ಅವಳು ಉಪ್ಪಿಟ್ಟಿಗೆ ರವೆ ಹುರಿಯುವಷ್ಟರಲ್ಲಿ ಮುಗಿಸಿಬಿಟ್ಟೆ. ಬಾಣಲೆ ಇಳಿಸಿ ಬಂದು, ಪರದೆಯ ಕಡೆ ಬಗ್ಗಿ ನೋಡಿ, "ನನ್ನ ಕೆಲಸಾನ ಎಲ್ಲಿ ತೋರಿಸಿದ್ದೀರಿ?" ಎಂದು ಕೇಳಿದಳು.

"ಇಲ್ಲಿ ನೋಡು. ಇತರ ಮೂಲಗಳಿಂದ ಬಂದ ಆದಾಯ."

"ಇತರ ಅಂದ್ರೆ?"

"ಅಂದ್ರೆ, ಬ್ಯಾಂಕ್ ಬಡ್ಡಿ, ಅದು ಇದು. ಎಲ್ಲೂ ಸೇರದೇ ಇರೋದು."

"ಬಡ್ಡಿ ಕೂತಲ್ಲೇ ಬೆಳೆಯುತ್ತೆ ರೀ. ನಾನು ಕೂತಲ್ಲಿ ಬೆಳೆದಿರೋದು ಬೆನ್ನುನೋವು ಮಾತ್ರ. ಎಲ್ಲೂ ಸೇರದೇ ಇರೋಕೆ ಇದೇನು ದಾರೀಲಿ ಸಿಕ್ಕಿದ ದುಡ್ಡಾ?"

"ಅದೊಂದು ಶಬ್ದ ಅಷ್ಟೇ ಮಾರಾಯ್ತಿ. ಸರ್ಕಾರದ ಭಾಷೆ ಹಾಗೇ ಇರುತ್ತೆ" ಎಂದೆ. ಅವಳು ಒಳಗೆ ಹೋದಳು. ಅವತ್ತಿನ ಉಪ್ಪಿಟ್ಟಿಗೆ ಉಪ್ಪು ಬಿದ್ದಿರಲಿಲ್ಲ. ಕೇಳುವ ಧೈರ್ಯವೂ ನನಗೆ ಬರಲಿಲ್ಲ.

ಕೆಲವು ವಾರ ಕಳೆದ ಮೇಲೆ, ಆಫೀಸಿನಲ್ಲಿ ಸಸ್ಯಶಾಸ್ತ್ರದ ಮೇಡಂ ಎದುರಿಗೆ ಕೂತಿದ್ದಾಗಲೇ, ನನ್ನ ಫೋನಿಗೆ ಒಂದು ಮೇಲ್ ಬಂತು. ಗಿರಿಜಾಳ ಹೆಸರಿಗೆ ಆದಾಯ ತೆರಿಗೆ ಇಲಾಖೆಯ ನೋಟೀಸು. ನಾನೇ ನನ್ನ ಮೇಲ್ ವಿಳಾಸ ಕೊಟ್ಟಿದ್ದರಿಂದ ನನಗೇ ಬಂದಿತ್ತು. ಸಲ್ಲಿಸಿದ ರಿಟರ್ನ್ಸ್ ದೋಷಪೂರಿತ ಎಂದು ಮೊದಲ ಸಾಲಿನಲ್ಲೇ ಬರೆದಿದ್ದರು. ಸೀರೆ ಅಂಗಡಿಯವರು ಕಂತ್ರಾಟು ಕೆಲಸಕ್ಕೆ ಕೊಟ್ಟ ಹಣವೆಂದು ತೆರಿಗೆ ಮುರಿದಿದ್ದರು. ಅಂದಮೇಲೆ ಇದು ವ್ಯಾಪಾರದ ಆದಾಯ, ವ್ಯಾಪಾರಕ್ಕೆ ಒಂದನೇ ಫಾರಂನಲ್ಲಿ ಜಾಗವಿಲ್ಲ, ಗಡುವಿನೊಳಗೆ ಸರಿಯಾದ ಫಾರಂನಲ್ಲಿ ಮತ್ತೆ ಸಲ್ಲಿಸದಿದ್ದರೆ ಇದನ್ನು ಸಲ್ಲಿಸಿಯೇ ಇಲ್ಲ ಎಂದು ತಿಳಿಯಲಾಗುವುದು. ಓದುತ್ತ ಓದುತ್ತ ಕರ್ಚೀಫು ತೆಗೆದು ಹಣೆ ಒರೆಸಿಕೊಂಡೆ. ನೋಟೀಸು ಇಂಗ್ಲಿಷಿನಲ್ಲಿದ್ದರೂ ಅದರೊಳಗಿನ ದನಿ ಗಿರಿಜಾಳದ್ದೇ ಇದ್ದಂತಿತ್ತು. "ಯಾಕೆ ಸಾರ್, ಬಿ.ಪಿ. ನಾ?" ಎಂದರು ಮೇಡಂ. "ಇಲ್ಲ, ಬಿಸಿಲು" ಎಂದೆ. ಹೊರಗೆ ಮೋಡ ಕವಿದಿತ್ತು.

ಮನೆಯಲ್ಲಿ ಹೇಳಲಿಲ್ಲ. ಸರಿಪಡಿಸಿದ ಮೇಲೆ ಹೇಳಿದರಾಯಿತು ಎಂಬುದು ಗಂಡಸರು ಕಂಡುಹಿಡಿದ ಹಳೆಯ ಉಪಾಯ. ಅದು ಎಲ್ಲಿಯೂ ಯಶಸ್ವಿಯಾದ ದಾಖಲೆಯಿಲ್ಲ. ಮೊದಲು ವಾಣಿಜ್ಯ ವಿಭಾಗದ ಮಂಜಪ್ಪನವರ ಬಳಿ ಹೋಗಿ, "ನನ್ನ ಸ್ನೇಹಿತರೊಬ್ಬರ ಹೆಂಡತಿಗೆ..." ಎಂದು ಶುರುಮಾಡಿದೆ. ಅವರು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಮೂರು ಸಾರ್. ಬಿಸಿನೆಸ್ ಅಂದ್ಮೇಲೆ ಮೂರನೇ ಫಾರಂ. ಬ್ಯಾಲೆನ್ಸ್ ಶೀಟು, ಲಾಭ ನಷ್ಟ, ದಾಸ್ತಾನು, ಎಲ್ಲಾ ಬೇಕು" ಎಂದರು. ಗಿರಿಜಾಳ ದಾಸ್ತಾನು ನಮ್ಮ ಮಂಚದ ಕೆಳಗೆ ಬಿಸ್ಕತ್ತಿನ ಡಬ್ಬಿಗಳಲ್ಲಿತ್ತು. ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು, "ಎರಡು ಹಾಕ್ರೀ. ಎರಡು ಹಾಕಿದ್ರೆ ಯಾರೂ ಕೇಳಲ್ಲ" ಎಂದರು. ಯಾವ ಆಧಾರದ ಮೇಲೆ ಎಂದು ಕೇಳಿದೆ. "ನಾನು ಹಾಕೋದು ಎರಡು. ಯಾರೂ ಕೇಳಿಲ್ಲ" ಎಂದರು. ಫೋನಿನಲ್ಲಿ ಒಂದು ವಿಡಿಯೋ ಹಾಕಿದರೆ ಅದರಲ್ಲಿದ್ದ ಹುಡುಗಿ ನಗುನಗುತ್ತ ನಾಲ್ಕು ಎಂದಳು. ಆದರೆ ಎಂದು ಸೇರಿಸಿ, ಆ 'ಆದರೆ'ಯನ್ನು ವಿಡಿಯೋ ಮುಗಿಯುವವರೆಗೂ ಎಳೆದಳು. ಸೀರೆ ಅಂಗಡಿಯಲ್ಲಿ ಗಿರಿಜಾ ಒಂದೇ ಹಸಿರಿನ ನಾಲ್ಕು ಸೀರೆ ಹರಡಿ "ಇದರಲ್ಲಿ ಯಾವುದು?" ಎಂದಾಗಲೂ ನಾನು ಇಷ್ಟು ಕಂಗಾಲಾಗಿರಲಿಲ್ಲ. ಅಲ್ಲಿ ತಪ್ಪು ಹೇಳಿದರೆ ಅವಳೊಬ್ಬಳು ಬೈಯುತ್ತಾಳೆ. ಇಲ್ಲಿ ಭಾರತ ಸರ್ಕಾರವೂ ಬೈಯುತ್ತದೆ.

ಹೀಗೆ ನಾನು ಎರಡು, ಮೂರು, ನಾಲ್ಕರ ನಡುವೆ ಸಿಕ್ಕಿಕೊಂಡಿದ್ದಾಗ ಗಿರಿಜಾ ಒಂದು ಸಂಜೆ ಕಣ್ಣರಳಿಸಿಕೊಂಡು ಬಂದಳು. ಭದ್ರಾವತಿಯ ಒಂದು ಮಹಿಳಾ ಸಂಘ ತನ್ನ ಹೊಸ ಕಟ್ಟಡದಲ್ಲಿ ಹೆಂಗಸರಿಗೆಂದೇ ಸಣ್ಣ ಮಳಿಗೆಗಳನ್ನು ಕಟ್ಟಿಸಿತ್ತು. ಸ್ವಂತ ಉದ್ಯಮ ನಡೆಸುವವರಿಗೆ ಮಾತ್ರ. ಕೊನೆಯದೊಂದು ಮಳಿಗೆ ಉಳಿದಿದೆಯಂತೆ. ಸೆಲ್ವಿಯ ಮನೆ ಮಾಲೀಕರು ಜಗಲಿಗೆ ಗೋಡೆ ಎತ್ತುತ್ತಾರಂತೆ. ಮಳಿಗೆ ಸಿಗದಿದ್ದರೆ ಹೆಂಗಸರೆಲ್ಲ ಎಲ್ಲಿ ಕೂರಬೇಕು? "ಶುಕ್ರವಾರ ಮೀಟಿಂಗು. ಉದ್ಯಮ ಮಾಡ್ತೀವಿ ಅನ್ನೋಕೆ ಪುರಾವೆ ಕೇಳ್ತಾರೆ. ರಿಟರ್ನ್ಸ್ ಕಾಪಿ ಸಾಕಂತೆ. ನಮ್ಮದು ಆಗಿದೆಯಲ್ಲ! ನೀವು ರಜಾ ಹಾಕಿ ಜೊತೆಗೆ ಬನ್ನಿ" ಎಂದಳು. ನೋಟೀಸಿನ ಗಡುವು ಮುಗಿಯುವುದೂ ಅದೇ ಶುಕ್ರವಾರ. ಅವತ್ತೇ ಹೇಳಿಬಿಡಬೇಕಿತ್ತು. "ಪ್ರಿಂಟು ತೆಗೆದಿಡ್ತೀನಿ" ಎಂದೆ.

ಶುಕ್ರವಾರ ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮಳಿಗೆಯ ಬೋರ್ಡು ಯಾವ ಬಣ್ಣದ್ದಿರಬೇಕು, ಸೆಲ್ವಿ ಎಲ್ಲಿ ಕೂರಬೇಕು, ಬೆನ್ನಿಗೆ ಒರಗು ಇರುವ ಕುರ್ಚಿ ಎಷ್ಟು ತರಬೇಕು ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದಳು. ನಾನು ತೊಡೆಯ ಮೇಲಿದ್ದ ಫೈಲನ್ನು ಒತ್ತಿ ಹಿಡಿದಿದ್ದೆ. ಅದರೊಳಗಿದ್ದದ್ದು ದೋಷಪೂರಿತವೆಂದು ಸರ್ಕಾರವೇ ಘೋಷಿಸಿದ ಕಾಗದ. ಸಂಘದವರು ಹೆಚ್ಚು ಓದದೆ ಸೀಲು ಹಾಕಿಬಿಡಲಿ, ವಾಪಸು ಹೋಗಿ ಹೇಗಾದರೂ ಸರಿಮಾಡುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಹೊರುತ್ತಿದ್ದೆ. ಯಾವ ದೇವರ ಇಲಾಖೆಗೆ ಇದು ಬರುತ್ತದೆಂದು ಗೊತ್ತಾಗದೆ ಎಲ್ಲರಿಗೂ ಒಂದೊಂದು ತೆಂಗಿನಕಾಯಿ ಒಪ್ಪಿಕೊಂಡೆ. "ಯಾಕ್ರೀ ಮಾತೇ ಇಲ್ಲ?" ಎಂದಳು. "ಬಸ್ಸು ಕುಲುಕುತ್ತೆ" ಎಂದೆ.

ಸಂಘದ ಆಫೀಸಿನ ಬಾಗಿಲಲ್ಲಿ ಸೆಲ್ವಿ ಹೂ ಮುಡಿದು ಕಾಯುತ್ತಿದ್ದಳು. ಒಳಗೆ ಅಧ್ಯಕ್ಷೆ ಕನ್ನಡಕ ಏರಿಸಿ ಫೈಲು ಬಿಚ್ಚಿದರು. ನನ್ನ ದುರದೃಷ್ಟಕ್ಕೆ ಅವರು ಓದುವ ಜಾತಿಯವರು. ಮೊದಲ ಪುಟ ಓದಿದರು, ಎರಡನೆಯದನ್ನು ಓದಿದರು, ಮತ್ತೆ ಮೊದಲನೆಯದಕ್ಕೆ ಬಂದರು.

"ಗಿರಿಜಮ್ಮ, ಇದರಲ್ಲಿ ನಿಮ್ಮ ಉದ್ಯಮ ಎಲ್ಲಿದೆ?"

"ಕುಚ್ಚಿನ ಕೆಲಸ ಮೇಡಂ. ಅಲ್ಲೇ ಇರಬೇಕು."

"ಇದು ಸಂಬಳದವರು ಹಾಕೋ ಫಾರಂ. ಇದರ ಪ್ರಕಾರ ನೀವು ಉದ್ಯಮ ಮಾಡ್ತಾನೇ ಇಲ್ಲ. ಇದನ್ನ ಇಟ್ಟುಕೊಂಡು ನಾನು ಕಮಿಟಿಗೆ ಏನಂತ ಹೇಳಲಿ?"

ಗಿರಿಜಾ ನನ್ನ ಕಡೆ ತಿರುಗಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ನಾನೇನೋ ಹೇಳಿ ಇದನ್ನು ಸರಿಮಾಡುತ್ತೇನೆ ಎಂಬ ನಂಬಿಕೆಯೇ ಅದರಲ್ಲಿನ್ನೂ ಉಳಿದಿತ್ತು. "ಎನ್ನಾಚ್ಚು ಅಣ್ಣಾ, ಏನಾಯ್ತು? ಹೇಳಿ ಅವರಿಗೆ" ಎಂದಳು ಸೆಲ್ವಿ. ಬೇರೆ ದಾರಿಯಿಲ್ಲದೆ ಜೇಬಿನಿಂದ ಫೋನು ತೆಗೆದು, ನೋಟೀಸನ್ನು ಬಿಚ್ಚಿ, ಗಿರಿಜಾಳ ಕೈಗೆ ಕೊಟ್ಟೆ. ಅವಳು ನಿಧಾನವಾಗಿ ಓದಿದಳು. ಮೇಲ್ ಬಂದ ದಿನವನ್ನೂ ಓದಿದಳು. ಫೋನನ್ನು ನನಗೆ ವಾಪಸು ಕೊಡದೆ ಅಧ್ಯಕ್ಷೆಯ ಕಡೆ ತಿರುಗಿ, "ಮೇಡಂ, ಫಾರಂ ತಪ್ಪಾಗಿದೆ. ಕೆಲಸ ತಪ್ಪಾಗಿಲ್ಲ. ಸಂಜೆವರೆಗೆ ಟೈಮ್ ಕೊಡಿ" ಎಂದಳು. ಅಧ್ಯಕ್ಷೆ ಸ್ವಲ್ಪ ಹೊತ್ತು ಅವಳ ಬೆರಳುಗಳನ್ನು ನೋಡಿದರು. ಸೂಜಿ ಚುಚ್ಚಿ ಚುಚ್ಚಿ ತುದಿಗಳು ದಡ್ಡುಗಟ್ಟಿದ್ದವು. "ಮೀಟಿಂಗ್ ಮುಗಿಯೋದ್ರೊಳಗೆ ತನ್ನಿ. ಇನ್ನೂ ಇಬ್ಬರು ಕಾಯ್ತಾ ಇದ್ದಾರೆ" ಎಂದರು.

ಹೊರಗೆ ಬಂದ ಮೇಲೆ ಗಿರಿಜಾ ಬೈಯಲಿಲ್ಲ. ಬೈದಿದ್ದರೆ ನನಗೆ ಉಸಿರಾಟ ಸಲೀಸಾಗುತ್ತಿತ್ತು. "ಊರವರದೆಲ್ಲ ಮಾಡೋಕೆ ಬರುತ್ತೆ, ನಿನ್ನದು ಬರಲಿಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು" ಎಂದಷ್ಟೇ ಹೇಳಿ, ಸೆಲ್ವಿಯ ಕೈ ಹಿಡಿದು ಮುಂದೆ ನಡೆದಳು. ನಾನು ಹಿಂದೆ. ಮೆಡಿಕಲ್ ಶಾಪೊಂದರ ಮಹಡಿಯ ಮೇಲೆ ನಾಗರತ್ನ ಎಂಬ ತೆರಿಗೆ ಸಲಹೆಗಾರರ ಆಫೀಸಿದೆ ಎಂದು ಸೆಲ್ವಿ ಹೇಳಿದಳು. ಮೆಟ್ಟಿಲು ಹತ್ತಿದರೆ ಬಾಗಿಲು ಹಾಕಿತ್ತು. ಕೆಳಗಿನ ಅಂಗಡಿಯವನು ತಲೆ ಹೊರಹಾಕಿ, "ಊಟಕ್ಕೆ ಹೋಗಿದ್ದಾರೆ, ಬರ್ತಾರೆ" ಎಂದ. ಒಬ್ಬ ಮನುಷ್ಯ ಇನ್ನೊಬ್ಬರ ಊಟದ ಮೇಲೆ ಇಷ್ಟು ಹಗೆ ಸಾಧಿಸಬಹುದೆಂದು ನನಗೆ ಅವತ್ತು ತಿಳಿಯಿತು. ಅವರು ಸಾರನ್ನ ಮುಗಿಸಿ ಮಜ್ಜಿಗೆಗೆ ಬಂದಿರಬಹುದೇ, ಉಪ್ಪಿನಕಾಯಿ ಇನ್ನೊಮ್ಮೆ ಬಡಿಸಿಕೊಂಡರೇ ಎಂದು ಲೆಕ್ಕ ಹಾಕುತ್ತ ಮೆಟ್ಟಿಲ ಮೇಲೆ ಕೂತೆ. ಗೆಳತಿಯರಿಬ್ಬರೂ ನನ್ನಿಂದ ಎರಡು ಮೆಟ್ಟಿಲು ಮೇಲೆ ಕೂತಿದ್ದರು.

ಕೊನೆಗೂ ನಾಗರತ್ನ ಬಂದರು. ನೋಟೀಸು ನೋಡಿ, "ಇದಕ್ಕೆ ಯಾಕೆ ಹೆದರಿದ್ದೀರಿ? ಇವತ್ತೇ ಕೊನೇ ದಿನ ಅನ್ನೋದೊಂದೇ ತಲೆನೋವು. ಇದಕ್ಕೆ ಉತ್ತರವಾಗಿ ಸರಿಯಾದ ಫಾರಂ ಹಾಕಿದ್ರೆ ಮುಗೀತು" ಎಂದು ಕಂಪ್ಯೂಟರ್ ತೆರೆದರು. ನಾನು ಗಂಟಲು ಸರಿಮಾಡಿಕೊಂಡು, ಎರಡು, ಮೂರು, ನಾಲ್ಕರ ಬಗ್ಗೆ ನನಗೆ ಸಿಕ್ಕಿದ್ದ ಅಭಿಪ್ರಾಯಗಳನ್ನು ವರದಿ ಒಪ್ಪಿಸಲು ಹೊರಟೆ. ಅವರು ನನ್ನ ಕಡೆ ನೋಡದೆ ಗಿರಿಜಾಳನ್ನೇ ಕೇಳಿದರು: "ನಿಮ್ಮ ಹೆಸರಲ್ಲಿ ಎರಡು ಮೂರು ಮನೆ ಇದೆಯಾ?"

"ಮನೆ ಇವರ ಹೆಸರಲ್ಲಿದೆ. ಗುಡಿಸೋದು ಮಾತ್ರ ನನ್ನ ಹೆಸರಲ್ಲಿ."

"ಷೇರು, ಜಮೀನು ಮಾರಾಟ? ಕಂಪನಿ ಡೈರೆಕ್ಟರ್? ಹೊರದೇಶದಲ್ಲಿ ಆಸ್ತಿ?"

"ನಮ್ಮ ಆಸ್ತಿ ಎಲ್ಲಾ ಸೆಲ್ವಿ ಜಗಲೀಲಿದೆ ಮೇಡಂ."

"ಹಾಗಾದ್ರೆ ನಾಲ್ಕು. ಸಣ್ಣ ವ್ಯಾಪಾರಕ್ಕೆ ಇರೋದೇ ಅದು. ದೊಡ್ಡ ಲೆಕ್ಕಪತ್ರ ಬೇಡ, ಒಟ್ಟು ವಹಿವಾಟಿನಲ್ಲಿ ಇಷ್ಟು ಭಾಗ ಲಾಭ ಅಂತ ತೋರಿಸಿದ್ರೆ ಸಾಕು. ಒಂದು ನಿಮಿಷ, ಇವರು ಪಾಲುದಾರರಾ?" ಎಂದು ಸೆಲ್ವಿಯನ್ನು ತೋರಿಸಿದರು.

ಗಿರಿಜಾ, ಸೆಲ್ವಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ವರ್ಷಗಳಲ್ಲಿ ಯಾರೂ ಅವರನ್ನು ಈ ಪ್ರಶ್ನೆ ಕೇಳಿರಲಿಲ್ಲ. "ಇಲ್ಲ ಮೇಡಂ, ನಾನು ಕೂಲಿ ತಗೊಳ್ತೀನಿ. ಬಿಸಿನೆಸ್ ಇವಳದು" ಎಂದಳು ಸೆಲ್ವಿ, ತಗ್ಗಿದ ದನಿಯಲ್ಲಿ. "ಇಲ್ಲಿವರೆಗೆ ಹಾಗೆ" ಎಂದಳು ಗಿರಿಜಾ. "ಮಳಿಗೆ ಸಿಕ್ಕಿದ್ರೆ ಇಬ್ಬರದೂ ಸಮ. ಆಗಲ್ವಾ ಮೇಡಂ?" ಸೆಲ್ವಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. "ಧಾರಾಳವಾಗಿ ಆಗುತ್ತೆ. ಆಗ ನಿಮ್ಮಿಬ್ಬರದೂ ಮೂರನೇ ಫಾರಂ" ಎಂದರು ನಾಗರತ್ನ. ಮಂಜಪ್ಪನವರ ಬಗ್ಗೆ ನನ್ನಲ್ಲಿ ತಡವಾಗಿಯಾದರೂ ಸ್ವಲ್ಪ ಗೌರವ ಹುಟ್ಟಿತು.

"ಪಾಸ್‌ವರ್ಡ್ ಹೇಳಿ." ಅದು ನನಗೆ ಮಾತ್ರ ಗೊತ್ತಿತ್ತು. ಎಲ್ಲರೂ ನನ್ನ ಕಡೆ ನೋಡಿದರು. ಒಂದು ಕಾಗದದ ಮೇಲೆ ಬರೆದುಕೊಡುತ್ತೇನೆ ಎಂದೆ. "ಹೇಳಿ ಸಾರ್, ಟೈಮಿಲ್ಲ" ಎಂದರು. ಹೇಳಿದೆ. ಅದು ನನ್ನದೇ ಹೆಸರು, ಮುಂದೊಂದು ಚಿಹ್ನೆ, ಅದರ ಮುಂದೆ ನನ್ನದೇ ಹುಟ್ಟಿದ ವರ್ಷ. ನಾಗರತ್ನ ತುಟಿ ಬಿಗಿಹಿಡಿದು ಕೀಲಿಗಳನ್ನು ಒತ್ತಿದರು. ಗಿರಿಜಾ ಮಾತ್ರ, "ನನ್ನ ಖಾತೆಗೂ ನೀವೇನಾ?" ಎಂದಳು. ಸೆಲ್ವಿ ಕೆಮ್ಮಿದಳು, ಅಥವಾ ನಕ್ಕಳು.

ಆ ನಾಲ್ಕನೇ ಫಾರಂನಲ್ಲಿ ಉದ್ಯಮದ ಹೆಸರು ಬರೆಯಲು ಒಂದು ಚೌಕವಿತ್ತು. ನಾನು ಚೌಕ ಕಂಡರೆ ಬಿಡುವವನಲ್ಲ ಎಂದು ನಿಮಗೆ ಗೊತ್ತೇ ಇದೆ; 'ಗಿರಿಜಾ ಕಲಾ ಕುಸುಮ' ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಗಿರಿಜಾ, ಕೇಳುವವರಿಗಾಗಿ ಬಹಳ ದಿನದಿಂದ ಕಾದಿದ್ದವಳಂತೆ, "ಸೆರಗು" ಎಂದಳು. ನಾಗರತ್ನ ಬರೆದರು. ಖಾಲಿಯಿದ್ದ ಚೌಕದಲ್ಲಿ ಆ ಪುಟ್ಟ ಹೆಸರು ಕೂತದ್ದನ್ನು ಇಬ್ಬರೂ ಗೆಳತಿಯರು ಬಗ್ಗಿ ನೋಡಿದರು. ಒಂದನೇ ಫಾರಂ ತುಂಬುವಾಗ ನಾನು ಯಾರ ಮುಖದಲ್ಲೂ ಇಂಥದೊಂದು ಬೆಳಕನ್ನು ಕಂಡಿರಲಿಲ್ಲ.

ಮಳಿಗೆ ಸಿಕ್ಕಿತು. ನಾವು ಏದುಸಿರು ಬಿಡುತ್ತ ಸಂಘದ ಮೆಟ್ಟಿಲು ಹತ್ತಿದಾಗ ಕಮಿಟಿಯವರು ಕುರ್ಚಿಯಿಂದ ಏಳುತ್ತಿದ್ದರು. ಅಧ್ಯಕ್ಷೆ ಕಾಗದವನ್ನು ಮತ್ತೆ ಪೂರ್ತಿ ಓದಿಯೇ ಸೀಲು ಹಾಕಿದರು. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ನನ್ನ ಪಾಲಿಗೆ ನಿಜವಾದ ತೀರ್ಮಾನ ಅದಕ್ಕೂ ಮುಂಚೆ, ನಾಗರತ್ನರ ಆಫೀಸಿನಲ್ಲೇ ಆಗಿಹೋಗಿತ್ತು.

ಫಾರಂ ತುಂಬಿ ಮುಗಿದಿತ್ತು. ಅದು ಗಿರಿಜಾಳದ್ದೇ ಎಂದು ದೃಢಪಡಿಸಲು ಅವಳ ಫೋನಿಗೆ ಓಟಿಪಿ ಬರಬೇಕು. ಎಲ್ಲರೂ ಕಾದೆವು. ನೆಟ್‌ವರ್ಕ್ ಹೋಯಿತು, ಬಂತು, ಫೋನು ಕಿಣಿಗುಟ್ಟಿತು. ಹಿಂದಿನ ಸಲ ಇದೇ ಅಂಕಿಗಳನ್ನು ಅವಳು ಅಡುಗೆಮನೆಯಿಂದಲೇ ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿದ್ದಳು. ಅದೇ ಅಭ್ಯಾಸದಲ್ಲಿ ನಾನು ಕನ್ನಡಕ ಏರಿಸಿ, "ಕೊಡು ಇಲ್ಲಿ, ನಾನು ಓದಿ ಹೇಳ್ತೀನಿ" ಎಂದು ಕೈಚಾಚಿದೆ. ಗಿರಿಜಾ ಫೋನನ್ನು ಎದೆಗೆ ಒತ್ತಿಕೊಂಡು ನನಗೆ ಬೆನ್ನು ತಿರುಗಿಸಿ ಕೂತಳು.

"ಓಟಿಪಿನ ಯಾರಿಗೂ ಹೇಳಬಾರದು ರೀ" ಎಂದಳು. "ಯಾರೋ ಪರಿಚಯದವರು ಅಂತ ನಂಬಿಸಿ ಕೇಳ್ತಾರಂತೆ."

ಒಂದೊಂದೇ ಅಂಕಿಯನ್ನು ತಾನೇ ಒತ್ತಿದಳು. ನಾನು ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡೆ. ಆಮೇಲೆ, ಎಲ್ಲರಿಗೂ ಟೀ ಹೇಳಿ ಬರುತ್ತೇನೆ ಎಂದು ಮೆಟ್ಟಿಲಿಳಿದೆ.